ಅಮ್ಮನ ಮಂಡಿಗೆ ಹಳೇ ಮಾಡೆಲ್ ಸಾಕಾ, ಹೊಸದೇ ಬೇಕಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಅಮ್ಮನಿಗೆ 63 ವರ್ಷ. ಎರಡೂ ಮಂಡಿ ಸವೆದು ಕಾಲು ಹೊರಕ್ಕೆ ಬಾಗಿದೆ. ಶುಗರ್ ಕೂಡ ಇದೆ. ಮಂಡಿ ಬದಲಿಸುವ ಆಪರೇಷನ್ ಮಾಡಿಸಬೇಕಂತೆ. ಹಾಸನದ ಡಾಕ್ಟರು "ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಳಕೆಯಲ್ಲಿರುವ ಮಾಡೆಲ್ ಇದೆ, ಅದನ್ನೇ ಹಾಕೋಣ" ಎಂದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ "ಅದೆಲ್ಲ ಹಳೇದಾಯ್ತು, ಈಗ ಹೈ ಫ್ಲೆಕ್ಸ್ ಗೋಲ್ಡ್ ಮಂಡಿ ಬಂದಿದೆ, ರೋಬೋಟ್‌ನಲ್ಲಿ ಮಾಡುತ್ತೇವೆ, 30 ವರ್ಷ ಬಾಳಿಕೆ, ನೆಲದ ಮೇಲೂ ಕೂರಬಹುದು" ಎಂದರು. ಖರ್ಚು ಹೆಚ್ಚುಕಮ್ಮಿ ಎರಡರಷ್ಟು. ನಮ್ಮ ದೊಡ್ಡಮ್ಮನಿಗೆ 2004ರಲ್ಲಿ ಎರಡೂ ಮಂಡಿ ಮಾಡಿಸಿದ್ದು, ಇವತ್ತಿಗೂ ಓಡಾಡಿಕೊಂಡಿದ್ದಾರೆ. ಅಮ್ಮನಿಗೆ ನೆಲದ ಮೇಲೆ ಕೂತು ಪೂಜೆ ಮಾಡಬೇಕು, ತೋಟಕ್ಕೂ ಇಳಿಯಬೇಕು. ದುಡ್ಡು ಹೇಗಾದರೂ ಹೊಂದಿಸಬಹುದು. ಆದರೆ ಅಷ್ಟು ಕೊಟ್ಟದ್ದಕ್ಕೆ ನಿಜವಾಗಿ ವ್ಯತ್ಯಾಸ ಇದೆಯಾ?

ಉತ್ತರ: ನೇರವಾಗಿಯೇ ಹೇಳುತ್ತೇನೆ. ನಿಮ್ಮ ತಾಯಿಗೆ ಹಾಸನದ ಡಾಕ್ಟರು ಹೇಳಿದ ಮಾಡೆಲ್ ಸಾಕು. ದುಡ್ಡಿನ ಯೋಚನೆಯೇ ಇಲ್ಲದವರು ಬಂದು ಕೇಳಿದರೂ ನಾನು ಇದೇ ಮಾತು ಹೇಳುತ್ತೇನೆ. ಹೊಸ ಮಾಡೆಲ್‌ಗಳಲ್ಲಿ ಕೆಲವು ಒಳ್ಳೆಯ ಬದಲಾವಣೆಗಳು ಬಂದಿರುವುದು ನಿಜ. ಆದರೆ ನಿಮಗೆ ಹೇಳಿದ ಹೈ ಫ್ಲೆಕ್ಸ್ (ಹೆಚ್ಚು ಮಡಚುತ್ತದೆ ಎನ್ನುವ ಮಾದರಿ), ಗೋಲ್ಡ್ (ಹೊಂಬಣ್ಣದ ಲೇಪನ), 30 ವರ್ಷ, ಈ ಮೂರೂ ಆ ಒಳ್ಳೆಯ ಬದಲಾವಣೆಗಳ ಸಾಲಿಗೆ ಸೇರುವುದಿಲ್ಲ. ರೋಬೋಟ್ ಬೇರೆಯೇ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಕೂರಿಸುವ ಇಂಪ್ಲಾಂಟ್, ಅಂದರೆ ಕೃತಕ ಮಂಡಿ, ಹೇಗಿರುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ತೊಡೆ ಮೂಳೆಯ ತುದಿಯಲ್ಲಿ ಸವೆದ ಭಾಗವನ್ನು ಕೆಲವೇ ಮಿಲಿಮೀಟರ್ ತೆಗೆದು, ಅದರ ಮೇಲೆ ಕೋಬಾಲ್ಟ್ ಕ್ರೋಮಿಯಂ ಲೋಹದ ನುಣುಪಾದ ಕವಚ ಹಾಕುತ್ತೇವೆ. ಮಂಡಿ ಕೆಳಗಿನ ಮೂಳೆಯ ತಲೆಯನ್ನು ಸಮವಾಗಿ ಕುಯ್ದು, ಅಲ್ಲಿ ಒಂದು ಲೋಹದ ತಟ್ಟೆ ಕೂರಿಸುತ್ತೇವೆ. ಎರಡರ ನಡುವೆ ಪಾಲಿಎಥಿಲೀನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಇನ್ಸರ್ಟ್ ಇರುತ್ತದೆ. ಲೋಹವನ್ನು ಮೂಳೆಗೆ ಹಿಡಿಸಲು ಮೂಳೆ ಸಿಮೆಂಟ್. ಮಂಡಿ ಚಿಪ್ಪಿನ ಹಿಂಭಾಗಕ್ಕೆ ಕೆಲವರು ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹಳೇ ಮಾಡೆಲ್ಲೋ ಹೊಸದೋ, ಈ ಮೂಲ ರಚನೆ ಐವತ್ತು ವರ್ಷದಿಂದ ಬದಲಾಗಿಲ್ಲ.

ನಿಜವಾಗಿ ಹಳೇದು, ಈಗ ಯಾರೂ ಮಾಮೂಲಿ ಮಂಡಿಗೆ ಹಾಕದೇ ಇರುವಂಥದ್ದು ಯಾವುದು ಗೊತ್ತಾ? 1950ರ ದಶಕದ ಕೀಲು ಮಂಡಿ. ಬಾಗಿಲ ಕೀಲಿನ ಹಾಗೆ ಮಡಚುವುದು, ಚಾಚುವುದು ಅಷ್ಟೇ. ನಮ್ಮ ಮಂಡಿ ಬರೀ ಮಡಚುವುದಿಲ್ಲ, ಮಡಚುತ್ತಾ ಸ್ವಲ್ಪ ತಿರುಗುತ್ತದೆ, ಜಾರುತ್ತದೆ. ಅದಕ್ಕೆ ಜಾಗ ಕೊಡದೇ ಇದ್ದದ್ದರಿಂದ ಎಲ್ಲಾ ಒತ್ತಡ ಮೂಳೆಗೆ ಹೋಗಿ ಆ ಇಂಪ್ಲಾಂಟ್‌ಗಳು ಬೇಗ ಸಡಿಲವಾದವು. ದೊಡ್ಡ ತಿರುವು ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ. ಜಾನ್ ಇನ್ಸಾಲ್, ಚಿತ್ತರಂಜನ್ ರಾಣಾವತ್ ಮೊದಲಾದವರು ಸೇರಿ ಟೋಟಲ್ ಕಾಂಡೈಲರ್ ಅನ್ನುವ ಮಂಡಿ ತಂದರು. ರಾಣಾವತ್ ನಮ್ಮ ದೇಶದಲ್ಲಿ ಹುಟ್ಟಿ ಬೆಳೆದವರು. ಪ್ರಧಾನಿಯಾಗಿದ್ದ ವಾಜಪೇಯಿ ಅವರ ಎರಡೂ ಮಂಡಿಗೆ 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಆಪರೇಷನ್ ಮಾಡಿದ್ದು ಅವರೇ. ಹಳ್ಳಿಗಳಲ್ಲೂ ಜನ ಮಂಡಿ ಆಪರೇಷನ್ ಬಗ್ಗೆ ಮಾತಾಡಲು ಶುರು ಮಾಡಿದ್ದರಲ್ಲಿ ಆ ಸುದ್ದಿಗೂ ಒಂದು ಪಾಲಿದೆ.

ಆ ಟೋಟಲ್ ಕಾಂಡೈಲರ್ ಮಂಡಿಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು 15 ವರ್ಷ ಆದ ಮೇಲೂ ಕೆಲಸ ಮಾಡುತ್ತಿದ್ದವು. ಅದರ ಕೊರತೆ ಒಂದೇ, ಮಡಚುವುದು ಕಡಿಮೆ, ಸುಮಾರು 90 ಡಿಗ್ರಿ. 1978ರಲ್ಲಿ ಇನ್ಸಾಲ್ ಮತ್ತು ಬರ್ಸ್ಟೈನ್ ಇನ್ಸರ್ಟ್‌ನ ನಡುವೆ ಒಂದು ಸಣ್ಣ ಗೂಟ, ಲೋಹದ ಕವಚದಲ್ಲಿ ಅದಕ್ಕೆ ಸಿಗುವ ಅಡ್ಡಪಟ್ಟಿ ಇಟ್ಟರು. ಮಂಡಿ ಮಡಚಿದಾಗ ತೊಡೆ ಮೂಳೆ ಹಿಂದಕ್ಕೆ ಸರಿದು ಮಡಿಕೆಗೆ ಜಾಗ ಆಗುತ್ತದೆ. ಇವತ್ತು ನಮ್ಮ ದೇಶದಲ್ಲಿ ಹಾಕುವ ಬಹಳಷ್ಟು ಮಂಡಿಗಳು ಈ ಗೂಟದ ಮಾದರಿಯವೇ. ಹೊಸ ಹೆಸರಿನ ಡಬ್ಬದಲ್ಲಿ ಬಂದರೂ ಮೂಲ ಅದೇ.

ಈಗ ನಿಮ್ಮ ದೊಡ್ಡಮ್ಮನ ವಿಷಯ. ಅವರ ಮಂಡಿ ಇಷ್ಟು ವರ್ಷ ಬಂದದ್ದು ಬರೀ ಅದೃಷ್ಟ ಅಲ್ಲ. ಅವರ ಆಪರೇಷನ್ ಆಗುವ ಹೊತ್ತಿಗೆ ಮಂಡಿ ಇಂಪ್ಲಾಂಟ್‌ನ ಅತಿ ದೊಡ್ಡ ಸಮಸ್ಯೆಗೆ ಪರಿಹಾರ ಸಿಕ್ಕಿತ್ತು. ಆ ಸಮಸ್ಯೆ ಇದ್ದದ್ದು ಪ್ಲಾಸ್ಟಿಕ್‌ನಲ್ಲಿ.

1980ರ ದಶಕದಲ್ಲಿ, 1990ರ ದಶಕದ ಮೊದಲ ವರ್ಷಗಳಲ್ಲಿ ಇನ್ಸರ್ಟ್‌ಗಳನ್ನು ಸ್ಟೆರಿಲೈಸ್ ಮಾಡಲು ಮಾಮೂಲಿ ಗಾಳಿ ಇರುವ ಪ್ಯಾಕೆಟ್‌ನಲ್ಲೇ ಗಾಮಾ ಕಿರಣ ಹಾಯಿಸುತ್ತಿದ್ದರು. ಕಿರಣ ಬಿದ್ದ ಪ್ಲಾಸ್ಟಿಕ್‌ಗೆ ಗಾಳಿಯ ಆಮ್ಲಜನಕ ಸೇರಿ, ಅದು ಒಳಗಿಂದೊಳಗೇ ಪೆಡಸಾಗುತ್ತಿತ್ತು. ಪ್ಯಾಕೆಟ್ ಶೆಲ್ಫ್ ಮೇಲೆ ವರ್ಷಗಟ್ಟಲೆ ಕೂತರಂತೂ ಇನ್ನೂ ಜಾಸ್ತಿ. ಅಂಥ ಹಳೇ ಇನ್ಸರ್ಟ್ ಒಂದನ್ನು ಮರು ಆಪರೇಷನ್‌ನಲ್ಲಿ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹಾಲುಬಿಳಿ ಇರಬೇಕಾದ್ದು ಹಳದಿಗೆ ತಿರುಗಿರುತ್ತದೆ. ಒಳಬದಿಯಲ್ಲಿ, ಅಂದರೆ ಭಾರ ಜಾಸ್ತಿ ಬೀಳುವ ಕಡೆ, ಹಳ್ಳ ಬಿದ್ದು ಲೋಹದ ತಟ್ಟೆ ಹತ್ತಿರ ಹತ್ತಿರ ಕಾಣುವಷ್ಟು ತೆಳುವಾಗಿರುತ್ತದೆ. ಅಂಚಿಗೆ ಉಗುರು ತಾಗಿಸಿದರೆ ಪದರ ಪದರವಾಗಿ ಏಳುತ್ತದೆ, ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಪ್ಲಾಸ್ಟಿಕ್ ಬಕೆಟ್ ಚಕ್ಕೆ ಏಳುವ ಹಾಗೆ. ಉದುರಿದ ಪುಡಿ ಅಲ್ಲೇ ಉಳಿದು, ಸುತ್ತಲಿನ ಮೂಳೆಯನ್ನು ತಿನ್ನಿಸುತ್ತದೆ. ಮೂಳೆ ಕರಗಿದರೆ ಲೋಹ ಅಲುಗಾಡುತ್ತದೆ, ನೋವು ಶುರು.

1990ರ ದಶಕದ ನಡುವಿನಿಂದ ಕಂಪನಿಗಳು ಗಾಳಿ ತೆಗೆದ ಪ್ಯಾಕೆಟ್‌ಗೆ, ಇಲ್ಲವೇ ಬೇರೆ ಸ್ಟೆರಿಲೈಸ್ ವಿಧಾನಗಳಿಗೆ ಬದಲಾದವು. ಆಮೇಲೆ ಕ್ರಾಸ್‌ಲಿಂಕ್ ಮಾಡಿದ, ಅಂದರೆ ಒಳಗಿನ ಎಳೆಗಳನ್ನು ಒಂದಕ್ಕೊಂದು ಬೆಸೆದ, ಇನ್ನೂ ಗಟ್ಟಿ ಪ್ಲಾಸ್ಟಿಕ್ ಬಂತು, ವಿಟಮಿನ್ ಇ ಬೆರೆಸಿದ್ದೂ ಬಂತು. ಹಳೇದಕ್ಕೂ ಹೊಸದಕ್ಕೂ ನಡುವೆ ಗೆರೆ ಎಳೆಯಿರಿ ಎಂದು ಯಾರಾದರೂ ಕೇಳಿದರೆ ನಾನು ಇಲ್ಲೇ ಎಳೆಯುವುದು. ನಿಮ್ಮ ದೊಡ್ಡಮ್ಮನ ಮಂಡಿ ಈ ಗೆರೆಯ ಈಚೆಗೆ ಬರುತ್ತದೆ. ಹಾಸನದ ಡಾಕ್ಟರು ಹೇಳಿದ ಮಾಡೆಲ್‌ನ ಆಕಾರ ಇಪ್ಪತ್ತು ವರ್ಷ ಹಳೆಯದಿರಬಹುದು. ಆದರೆ ಅದರಲ್ಲಿ ಹಾಕುವ ಪ್ಲಾಸ್ಟಿಕ್ ಇತ್ತೀಚೆಗೆ ತಯಾರಾದದ್ದು, ಇತ್ತೀಚಿನ ವಿಧಾನದಲ್ಲಿ ಪ್ಯಾಕ್ ಆದದ್ದು. ಡಬ್ಬದ ಮೇಲೆ ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡೂ ಇರುತ್ತವೆ.

ಇನ್ನು ಬಾಳಿಕೆ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಮಂಡಿ ಆಪರೇಷನ್‌ಗಳ ದೇಶವ್ಯಾಪಿ ನೋಂದಣಿ ಪುಸ್ತಕಗಳನ್ನು ಇಟ್ಟುಕೊಂಡು ನೋಡಿದಾಗ, ಪೂರ್ತಿ ಮಂಡಿ ಬದಲಿಯಲ್ಲಿ 100ಕ್ಕೆ ಸುಮಾರು 82 ಮಂಡಿಗಳು 25 ವರ್ಷ ಕಳೆದರೂ ಉಳಿದಿದ್ದವು. ಅರ್ಧ ಮಂಡಿ ಬದಲಿಯಲ್ಲಿ 70. ಸ್ವಲ್ಪ ಯೋಚನೆ ಮಾಡಿ ನೋಡಿ. 2019ಕ್ಕೆ 25 ವರ್ಷ ಆಗಿರಬೇಕಾದರೆ ಅವನ್ನು ಹಾಕಿದ್ದು 1990ರ ದಶಕದ ಮೊದಲಿಗೆ, ಅದಕ್ಕೂ ಹಿಂದೆ. ಅಂದರೆ ಈಗ "ಹಳೇದಾಯ್ತು" ಅನ್ನಿಸಿಕೊಳ್ಳುವ ಮಾಡೆಲ್‌ಗಳು, ಅದೂ ಆ ಕೆಟ್ಟ ಪ್ಲಾಸ್ಟಿಕ್‌ನ ಕಾಲದವೂ ಸೇರಿ, ಇಷ್ಟು ಚೆನ್ನಾಗಿ ಬಂದಿವೆ.

ಐದಾರು ವರ್ಷದ ಹಿಂದೆ ಬಂದ ಮಾಡೆಲ್ 30 ವರ್ಷ ಬಾಳುತ್ತದೆ ಎಂದು ಯಾರು ಹೇಗೆ ಹೇಳುತ್ತಾರೆ? ಯಂತ್ರ ಇಟ್ಟು. ಲ್ಯಾಬ್‌ನಲ್ಲಿ ಇಂಪ್ಲಾಂಟನ್ನು ಯಂತ್ರಕ್ಕೆ ಸಿಕ್ಕಿಸಿ ನಡೆದ ಹಾಗೆ ಆಡಿಸುತ್ತಾರೆ. ಅಂಥ ಒಂದು ಹೆಸರಾಂತ ಪರೀಕ್ಷೆಯಲ್ಲಿ 4.5 ಕೋಟಿ ಸಲ ಆಡಿಸಿ, ಅದು 30 ವರ್ಷದ ನಡಿಗೆಗೆ ಸಮ ಎಂದು ಲೆಕ್ಕ ಹಾಕಿದರು. ಪರೀಕ್ಷೆ ಸುಳ್ಳಲ್ಲ. ಅದು ಅಳೆಯುವುದು ಪ್ಲಾಸ್ಟಿಕ್ ಸವೆತವನ್ನು. ಯಂತ್ರಕ್ಕೆ ಶುಗರ್ ಇಲ್ಲ, ಸೋಂಕು ಆಗುವುದಿಲ್ಲ, ಮೂಳೆ ಟೊಳ್ಳಾಗುವುದಿಲ್ಲ, ಮಳೆಗಾಲದಲ್ಲಿ ತೋಟದ ಇಳಿಜಾರಲ್ಲಿ ಜಾರಿ ಬೀಳುವುದೂ ಇಲ್ಲ.

ಈಗ ಮಂಡಿಗಳು ಕೆಡುತ್ತಿರುವುದು ಯಾವುದರಿಂದ ಅನ್ನುವುದೇ ಮುಖ್ಯ. ಅಮೆರಿಕದ ಫಿಲಡೆಲ್ಫಿಯಾದ ವೈದ್ಯರ ತಂಡವೊಂದು ಮರು ಆಪರೇಷನ್‌ಗಳ ಕಾರಣ ಹುಡುಕಿ ಎರಡು ಸಲ ಬರೆದಿದೆ. 2002ರಲ್ಲಿ ನೋಡಿದಾಗ 100ಕ್ಕೆ 25 ಪ್ಲಾಸ್ಟಿಕ್ ಸವೆತದಿಂದ, ಅದೇ ಎಲ್ಲಕ್ಕಿಂತ ದೊಡ್ಡ ಕಾರಣ. 2014ರಲ್ಲಿ ನೋಡಿದಾಗ ಅದು 3.5ಕ್ಕೆ ಇಳಿದಿತ್ತು. ಮುಂದೆ ಬಂದದ್ದು ಸಡಿಲವಾಗುವುದು, ಸೋಂಕು, ಮಂಡಿ ಸ್ಥಿರ ಇಲ್ಲದೆ ಅಲುಗಾಡುವುದು. ಸವೆತದ ಸಮಸ್ಯೆ ಬಹುಪಾಲು ಮುಗಿದ ಮೇಲೆ ಸವೆತ ಇನ್ನೂ ಕಡಿಮೆ ಎಂದು ಹೇಳಿ ಲಕ್ಷಗಟ್ಟಲೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ತಾಯಿಯ ಮಂಡಿ ಉಳಿಯುವುದು ಬಿಡುವುದು ಬೇರೆ ಕಡೆ ತೀರ್ಮಾನ ಆಗುತ್ತದೆ.

ಹೊಸ ಮಾಡೆಲ್‌ಗಳಲ್ಲಿ ನಾನು ಮನಸಾರೆ ಒಪ್ಪುವ ಬದಲಾವಣೆಗಳನ್ನೂ ಹೇಳಬೇಕು. ಮೊದಲನೆಯದು ಸೈಜ್. ಹಳೇ ಮಾಡೆಲ್‌ಗಳನ್ನು ಅಮೆರಿಕ, ಯುರೋಪಿನವರ ಮೂಳೆ ನೋಡಿ ಮಾಡಿದ್ದು, ಸೈಜುಗಳೂ ಕಡಿಮೆ ಇದ್ದವು. ನಮ್ಮ ಕಡೆಯ ಹೆಂಗಸರ ತೊಡೆ ಮೂಳೆ ಸಣ್ಣದು, ಅಗಲವೂ ಕಡಿಮೆ. ಮುಂದೆ ಹಿಂದೆ ಸರಿಹೋಗುವ ಸೈಜ್ ಹಾಕಿದರೆ ಬದಿಯಲ್ಲಿ ಲೋಹ ಮೂಳೆಯಿಂದ ಆಚೆ ಚಾಚಿಕೊಳ್ಳುತ್ತಿತ್ತು. 3 ಮಿಲಿಮೀಟರ್ ಅಥವಾ ಜಾಸ್ತಿ ಆಚೆ ಬಂದರೆ ಎರಡು ವರ್ಷ ಆದ ಮೇಲೂ ಮಂಡಿ ನೋವು ಉಳಿಯುವ ಸಂಭವ ಹೆಚ್ಚುಕಮ್ಮಿ ಎರಡರಷ್ಟು ಎಂದು 2010ರಲ್ಲೇ ತೋರಿಸಿದ್ದಾರೆ. ಈಗ ಅಗಲ ಕಡಿಮೆ ಇರುವ ಸೈಜುಗಳೂ ಸಿಗುತ್ತವೆ. ಇದು ನಿಜವಾದ ಲಾಭ. ಆದರೆ ಇದನ್ನೇ "ಹೆಂಗಸರಿಗಾಗಿಯೇ ಮಾಡಿದ ಮಂಡಿ" ಎಂದು 2006ರ ಸುಮಾರಿಗೆ ಜೋರಾಗಿ ಪ್ರಚಾರ ಮಾಡಿದರಲ್ಲ, ಅದರಿಂದ ನೋವಿನಲ್ಲಿ, ನಡಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಬೇಕಿರುವುದು ಸೈಜುಗಳ ಆಯ್ಕೆ, ಗಂಡು ಹೆಣ್ಣು ಎಂಬ ಲೇಬಲ್ ಅಲ್ಲ.

ಎರಡನೆಯದು ಮಂಡಿ ಚಿಪ್ಪು ಓಡಾಡುವ ತೋಡು. ಹಳೇ ಗೂಟದ ಮಾದರಿಗಳಲ್ಲಿ ಕೆಲವರಿಗೆ ಕೂತು ಏಳುವಾಗ ಮಂಡಿಯಲ್ಲಿ "ಟಕ್" ಎಂದು ಸಿಕ್ಕಿ ಬಿಡುತ್ತಿತ್ತು. ಚಿಪ್ಪಿನ ಮೇಲ್ಭಾಗದಲ್ಲಿ ಗಂಟು ಬೆಳೆದು, ಲೋಹದ ನಡುವಿನ ಪೆಟ್ಟಿಗೆಯ ಅಂಚಿಗೆ ಸಿಕ್ಕುವುದರಿಂದ ಹಾಗಾಗುತ್ತಿತ್ತು. ಹೊಸ ಮಾದರಿಗಳಲ್ಲಿ ಆ ತೋಡನ್ನು ಉದ್ದ, ಆಳ ಮಾಡಿ ಅಂಚನ್ನು ನಯ ಮಾಡಿದ್ದಾರೆ. ಈ ದೂರು ಬಹಳ ಕಡಿಮೆಯಾಗಿದೆ.

ಮೂರನೆಯದು ಇನ್ಸರ್ಟ್ ಮತ್ತು ತಟ್ಟೆಯ ಹಿಡಿತ. ಮೊದಲೆಲ್ಲ ಇನ್ಸರ್ಟ್ ತಟ್ಟೆಯೊಳಗೇ ಕಣ್ಣಿಗೆ ಕಾಣದಷ್ಟು ಅಲುಗಾಡಿ, ಅಡಿಯಿಂದಲೂ ಸವೆಯುತ್ತಿತ್ತು. ಈಗ ತಟ್ಟೆಯ ಮೇಲ್ಮೈ ಪಾಲಿಶ್ ಇರುತ್ತದೆ, ಹಿಡಿತ ಬಿಗಿ. ಇನ್ಸರ್ಟ್ ದಪ್ಪದಲ್ಲೂ ಆಯ್ಕೆ ಜಾಸ್ತಿ. ಆಪರೇಷನ್ ಟೇಬಲ್ ಮೇಲೆ ಇದರ ಬೆಲೆ ಗೊತ್ತಾಗುತ್ತದೆ. ಮೂಳೆ ಕುಯ್ದಾದ ಮೇಲೆ ಮೊದಲು ಟ್ರಯಲ್ ಇನ್ಸರ್ಟ್ ಹಾಕಿ ನೋಡುತ್ತೇವೆ. 10 ಮಿಲಿಮೀಟರಿನದು ಹಾಕಿ, ಕಾಲು ಪೂರ್ತಿ ಚಾಚಿ, ಹಿಮ್ಮಡಿ ಹಿಡಿದು ಎಡಕ್ಕೆ ಬಲಕ್ಕೆ ಒತ್ತಿ ನೋಡಬೇಕು. ಒಂದು ಬದಿ ಬಾಯಿ ಬಿಟ್ಟರೆ ಸಡಿಲ. ಆಮೇಲೆ 90 ಡಿಗ್ರಿಗೆ ಮಡಚಿ ಮತ್ತೆ ಅದೇ. ಹಳೇ ಮಾಡೆಲ್‌ಗಳಲ್ಲಿ 10 ಬಿಟ್ಟರೆ ಮುಂದಿನದು 12.5. ಒಂದು ಸಡಿಲ ಅನ್ನಿಸುತ್ತದೆ, ಇನ್ನೊಂದು ಬಿಗಿಯಾಗಿ ಕಾಲು ಪೂರ್ತಿ ಚಾಚುವುದಿಲ್ಲ. ಕೆಲವು ಹೊಸ ಮಾಡೆಲ್‌ಗಳಲ್ಲಿ ಒಂದೊಂದೇ ಮಿಲಿಮೀಟರ್ ಏರಿಸಬಹುದು. ಕೈ ಪಳಗಿದವರು ಹಳೇದರಲ್ಲೂ ಮೂಳೆಯನ್ನು ಇನ್ನೊಂದಿಷ್ಟು ಕುಯ್ದು, ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರು) ಸ್ವಲ್ಪ ಬಿಡಿಸಿ ಸರಿ ಮಾಡುತ್ತಾರೆ. ಹೊಸದರಲ್ಲಿ ಕೆಲಸ ಸಲೀಸು, ಅಷ್ಟೇ.

ಹೀಗೆ ಒಂದೊಂದು ಸುಧಾರಣೆಯೂ ಸರಿ ಅನ್ನಿಸಿದರೂ ಎಲ್ಲಾ ಸೇರಿಸಿದ ಫಲಿತಾಂಶ ನಾವು ಅಂದುಕೊಂಡಷ್ಟು ಮೇಲೇರಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಹಾಕಿರುವ ಪಿಎಫ್‌ಸಿ ಸಿಗ್ಮಾ ಅನ್ನುವ ಮಾಡೆಲ್ 1990ರ ದಶಕದ್ದು. ಅದೇ ಕಂಪನಿ 2013ರಲ್ಲಿ ಅಟ್ಯೂನ್ ತಂದಿತು. ತೋಡು, ಸೈಜು, ಹಿಡಿತ ಎಲ್ಲಾ ಹೊಸದು. ದೊಡ್ಡ ನೋಂದಣಿಗಳಲ್ಲಿ ಮರು ಆಪರೇಷನ್ ಲೆಕ್ಕ ನೋಡಿದರೆ ಎರಡರ ನಡುವೆ ದೊಡ್ಡ ಅಂತರ ಇಲ್ಲ. ನಡುವೆ ಕೆಲವು ವೈದ್ಯರು ಹೊಸದರ ತಟ್ಟೆ ಸಿಮೆಂಟ್‌ನಿಂದ ಬಿಟ್ಟುಕೊಂಡ ಪ್ರಕರಣಗಳನ್ನು ಬರೆದರು, ಆಮೇಲೆ ಕಂಪನಿ ತಟ್ಟೆಯ ಅಡಿಭಾಗವನ್ನು ಬದಲಿಸಿತು. ಹೊಸ ಮಾಡೆಲ್‌ನ ತೊಂದರೆ ಗೊತ್ತಾಗಲು ವರ್ಷಗಳೇ ಬೇಕು. 2010ರಲ್ಲಿ ಎಎಸ್ಆರ್ ಅನ್ನುವ ಲೋಹಕ್ಕೆ ಲೋಹ ತಾಗುವ ಸೊಂಟದ ಇಂಪ್ಲಾಂಟನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡರು, ನಮ್ಮ ದೇಶದ ರೋಗಿಗಳೂ ನರಳಿದರು. 2022ರಲ್ಲಿ ಎಕ್ಸಾಕ್ಟೆಕ್ ಕಂಪನಿ ಮಂಡಿ ಇನ್ಸರ್ಟ್‌ಗಳನ್ನು ವಾಪಸ್ ಪಡೆದದ್ದು ಪ್ಯಾಕೆಟ್‌ನಲ್ಲಿ ಆಮ್ಲಜನಕ ತಡೆಯುವ ಒಂದು ಪದರ ಇಲ್ಲದ ಕಾರಣಕ್ಕೆ. 1990ರ ದಶಕದಲ್ಲೇ ಕಲಿತ ಪಾಠ ಅದು! ಹಾಗಾಗಿ ಹತ್ತು ವರ್ಷದ ದಾಖಲೆ ಇರುವ ಮಾಡೆಲ್ ಅಂದರೆ ನನಗೆ ಸಮಾಧಾನ.

ಹೈ ಫ್ಲೆಕ್ಸ್ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದರೆ ನಮ್ಮ ಜನ ಮೋಸ ಹೋಗುವುದು ಇಲ್ಲಿಯೇ. ನೆಟ್ಟಗೆ ನಡೆಯಲು ಮಂಡಿ 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳಲು 100ರ ಆಸುಪಾಸು. ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಲ್ಲಿ ಕೂರಲು 130 ದಾಟಬೇಕು, ಜೊತೆಗೆ ಮಂಡಿ ತಿರುಗಬೇಕು. ಮಾಮೂಲಿ ಇಂಪ್ಲಾಂಟ್‌ನಲ್ಲಿ ಬಹಳ ಜನಕ್ಕೆ 110ರಿಂದ 120 ಸಿಗುತ್ತದೆ. ಅದಕ್ಕಿಂತ ಆಚೆ ಮಡಚಿದಾಗ ಲೋಹದ ಹಿಂದಿನ ಅಂಚು ಪ್ಲಾಸ್ಟಿಕ್‌ಗೆ ಕಚ್ಚುತ್ತದೆ. ಹೈ ಫ್ಲೆಕ್ಸ್‌ನಲ್ಲಿ ಆ ಹಿಂದಿನ ಬಾಗನ್ನು ಇನ್ನಷ್ಟು ಮುಂದುವರಿಸಿ, ಅಷ್ಟು ಮಡಚಿದಾಗಲೂ ಹೆಚ್ಚು ಜಾಗದಲ್ಲಿ ತಾಗುವ ಹಾಗೆ ಮಾಡಿರುತ್ತಾರೆ. ಕೆಲವು ಮಾಡೆಲ್‌ಗೆ ಇದಕ್ಕಾಗಿ ಒಂದೆರಡು ಮಿಲಿಮೀಟರ್ ಮೂಳೆ ಜಾಸ್ತಿ ಕುಯ್ಯಬೇಕು.

ಅಂದರೆ ಅದು ಅಷ್ಟು ಮಡಚಿದರೆ ತಡೆದುಕೊಳ್ಳಲು ಮಾಡಿದ್ದು. ಅದು ತಾನಾಗಿ ಮಂಡಿಯನ್ನು ಮಡಚಿಸಿಕೊಡುವುದಿಲ್ಲ. ಎರಡನ್ನೂ ಹೋಲಿಸಿದ ಹಲವು ಅಧ್ಯಯನಗಳಲ್ಲಿ ಮಡಚುವ ಡಿಗ್ರಿಯಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸ ಕಂಡಿಲ್ಲ. ಆಪರೇಷನ್ ಆದ ಮೇಲೆ ಎಷ್ಟು ಮಡಚುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ತೀರ್ಮಾನಿಸುವುದು ಆಪರೇಷನ್‌ಗೆ ಮೊದಲು ಎಷ್ಟು ಮಡಚುತ್ತಿತ್ತು ಎಂಬುದು. ನಿಮ್ಮ ತಾಯಿಯನ್ನು ಮಂಚದ ಮೇಲೆ ಮಲಗಿಸಿ ಹಿಮ್ಮಡಿ ಎಷ್ಟು ಹಿಂದಕ್ಕೆ ಬರುತ್ತದೆ ನೋಡಿ. ಈಗಲೇ 95 ಡಿಗ್ರಿಗೆ ನಿಂತರೆ ಯಾವ ಇಂಪ್ಲಾಂಟೂ 140ಕ್ಕೆ ಒಯ್ಯುವುದಿಲ್ಲ. 2007ರಲ್ಲಿ ಕೊರಿಯಾದ ವೈದ್ಯರು ಇನ್ನೊಂದು ಎಚ್ಚರಿಕೆ ಕೊಟ್ಟರು. ಅಲ್ಲಿಯವರೂ ನಮ್ಮ ಹಾಗೆ ನೆಲದ ಮೇಲೆ ಕೂರುವವರು. ಒಂದು ಹೈ ಫ್ಲೆಕ್ಸ್ ಮಾಡೆಲ್ ಹಾಕಿಸಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಿದ್ದವರಲ್ಲಿ ಮೂರು ವರ್ಷದೊಳಗೇ ತೊಡೆ ಭಾಗದ ಲೋಹ ಸಡಿಲವಾದದ್ದು ಜಾಸ್ತಿ ಕಂಡಿತು. ಬೇರೆ ಆಸ್ಪತ್ರೆಗಳಲ್ಲಿ ಅಷ್ಟು ಕೆಟ್ಟ ಫಲಿತಾಂಶ ಬರಲಿಲ್ಲ, ನಿಜ. ಆದರೂ "ಹೈ ಫ್ಲೆಕ್ಸ್ ಹಾಕಿಸಿದ್ದೀನಿ, ಇನ್ನೇನು ನೆಲದ ಮೇಲೆ ಕೂರಬಹುದು" ಎನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಹಾಗಾದರೆ ಅಮ್ಮನ ಪೂಜೆ? ದೇವರ ಮನೆಯಲ್ಲಿ ಒಂದೂವರೆ ಅಡಿಗಿಂತ ಎತ್ತರದ ಸ್ಟೂಲ್ ಇಡಿಸಿ, ದೀಪ, ಆರತಿ ತಟ್ಟೆ ಆ ಎತ್ತರಕ್ಕೆ ಕೈಗೆ ಸಿಗುವ ಹಾಗೆ ಮಾಡಿ. ಯಾವತ್ತೋ ಒಂದು ದಿನ ಸತ್ಯನಾರಾಯಣ ಪೂಜೆಗೆ ದಿಂಬು ಹಾಕಿಕೊಂಡು ಸ್ವಲ್ಪ ಹೊತ್ತು ಚಕ್ಕಳಮಕ್ಕಳ ಕೂತರೆ, ಮಂಡಿ ಅಷ್ಟು ಮಡಚುವುದಾದರೆ, ಇಂಪ್ಲಾಂಟ್ ಒಡೆದುಹೋಗುವುದಿಲ್ಲ. ಅಪಾಯ ಇರುವುದು ದಿನಾ ಕೂರುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಹಿಡಿಯಲು ಏನೂ ಇಲ್ಲದೆ ನೆಲದಿಂದ ಏಳುವುದರಲ್ಲಿ. ಮನೆಯಲ್ಲಿ ನೆಲದ ಕಕ್ಕಸು ಇದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಹಾಕಿಸಿಬಿಡಿ, ಗೋಡೆಗೆ ಹಿಡಿಕೆಯನ್ನೂ ಹೊಡೆಸಿ. ತೋಟದಲ್ಲಿ ನಡೆಯಲಿ, ಕಾಫಿ ಕುಯ್ಯಲಿ, ಏನೂ ತೊಂದರೆ ಇಲ್ಲ. ಮೂಟೆ ಹೊರುವುದು, ಮೆಣಸು ಕುಯ್ಯಲು ಏಣಿ ಹತ್ತುವುದು ಬೇಡ. ಮಳೆಗಾಲದಲ್ಲಿ ಇಳಿಜಾರಿಗೆ ಕೋಲು ಹಿಡಿಯದೆ ಇಳಿಯಬಾರದು. ಇಂಪ್ಲಾಂಟ್ ಪಕ್ಕದಲ್ಲಿ ಮೂಳೆ ಮುರಿದರೆ ಅದನ್ನು ಜೋಡಿಸುವುದು ಮೊದಲ ಆಪರೇಷನ್‌ಗಿಂತ ಕಷ್ಟದ ಕೆಲಸ.

ಗೋಲ್ಡ್ ಬಗ್ಗೆ ಎರಡೇ ಮಾತು. ಅದರಲ್ಲಿ ಚಿನ್ನ ಇಲ್ಲ. ಕೋಬಾಲ್ಟ್ ಕ್ರೋಮಿಯಂ ಮೇಲೆ ಟೈಟಾನಿಯಂ ನೈಟ್ರೈಡ್, ಇಲ್ಲವೇ ಟೈಟಾನಿಯಂ ನಿಯೋಬಿಯಂ ನೈಟ್ರೈಡ್ ಲೇಪನ, ಬಣ್ಣ ಹೊಂಬಣ್ಣ. ಗಿಲೀಟು ಒಡವೆ, ವಾಚಿನ ಬೆಲ್ಟು ತಾಗಿದರೆ ಚರ್ಮ ತುರಿಸಿ ಗಂಧೆ ಏಳುವವರು ಅದನ್ನು ಡಾಕ್ಟರಿಗೆ ಹೇಳಬೇಕು, ಅದು ನಿಕೆಲ್ ಅಲರ್ಜಿ ಇರಬಹುದು, ಅಂಥವರಿಗೆ ಈ ಲೇಪನ ಯೋಚಿಸಬಹುದು. ಅಂಥದ್ದೇನೂ ಇಲ್ಲದವರಿಗೆ ಇದರಿಂದ ನೋವು ಕಡಿಮೆ, ಬಾಳಿಕೆ ಜಾಸ್ತಿ ಎಂದು ತೋರಿಸುವ ಗಟ್ಟಿ ಆಧಾರ ಇಲ್ಲ.

ರೋಬೋಟ್ ಇಂಪ್ಲಾಂಟ್ ಅಲ್ಲ, ಉಪಕರಣ. ತಾನಾಗಿ ಆಪರೇಷನ್ ಮಾಡುವುದಿಲ್ಲ, ಡಾಕ್ಟರ ಕೈಯನ್ನು ಪ್ಲಾನ್‌ನ ಗೆರೆ ದಾಟದ ಹಾಗೆ ಹಿಡಿದಿಡುತ್ತದೆ. ಮೂಳೆ ಕುಯ್ಯುವುದು ಹೆಚ್ಚು ನಿಖರ ಆಗುತ್ತದೆ, ಇದು ಖಂಡಿತ. ಆದರೆ ವರ್ಷಗಳ ನಂತರ ರೋಗಿಗೆ ನೋವಿನಲ್ಲಿ, ಓಡಾಟದಲ್ಲಿ ದೊಡ್ಡ ವ್ಯತ್ಯಾಸ ಇದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಕೆಲವು ರೋಬೋಟ್‌ಗಳಲ್ಲಿ ಅದೇ ಕಂಪನಿಯ ಇಂಪ್ಲಾಂಟ್ ಮಾತ್ರ ಹಾಕಲು ಆಗುತ್ತದೆ. ಮೊದಲು ಮೂಳೆ ಮುರಿದು ವಕ್ರವಾಗಿ ಕೂಡಿಕೊಂಡಿದ್ದರೆ, ಒಳಗೆ ರಾಡ್ ಇದ್ದರೆ ರೋಬೋಟ್ ಅಥವಾ ಕಂಪ್ಯೂಟರ್ ನೆರವು ನಾನೂ ಬೇಕು ಅನ್ನುತ್ತೇನೆ. ನಿಮ್ಮ ತಾಯಿಯದ್ದು ನಮ್ಮ ಕಡೆ ದಿನಾ ನೋಡುವ ಮಾಮೂಲಿ ಬಾಗು.

ಈಗ ದುಡ್ಡಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಕಟ್ಟಿತು. ಅದಕ್ಕೆ ಮೊದಲು ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಸರಾಸರಿ ₹1,58,000ಕ್ಕಿಂತ ಜಾಸ್ತಿ ವಸೂಲಾಗುತ್ತಿತ್ತು. ಜಿಎಸ್‌ಟಿ ಬಿಟ್ಟು ಅದನ್ನು ₹54,720ಕ್ಕೆ ಇಳಿಸಿದರು. ಹೈ ಫ್ಲೆಕ್ಸ್‌ಗೆ ₹56,490. ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂನಂಥ ವಿಶೇಷ ಲೋಹಕ್ಕೆ ₹76,600. ಆಮೇಲೆ ದರ ಅಲ್ಪಸ್ವಲ್ಪ ಬದಲಾಗಿದೆ, ಈಗಿನದು ಎನ್‌ಪಿಪಿಎ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಆಗಿನ ಅಂತರ ನೋಡಿ. ಮಾಮೂಲಿಗೂ ಹೈ ಫ್ಲೆಕ್ಸ್‌ಗೂ ನಡುವೆ ₹1,770 ಮಾತ್ರ! ನಿಮ್ಮಿಂದ ಎರಡರಷ್ಟು ಕೇಳುತ್ತಿರುವುದು ಇಂಪ್ಲಾಂಟ್‌ಗಾಗಿ ಆಗಲು ಸಾಧ್ಯವೇ ಇಲ್ಲ. ರೂಮು, ರೋಬೋಟ್, ಆಸ್ಪತ್ರೆಯ ದರ ಇವೇ ಉಳಿದದ್ದು. ಎಸ್ಟಿಮೇಟ್‌ನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆ ಸಾಲಿನಲ್ಲಿ ಬರೆದುಕೊಡಿ ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಹಾಸನದ ಹಿಮ್ಸ್‌ನಲ್ಲೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಆರೋಗ್ಯ ಮಿತ್ರರನ್ನು (ಸರ್ಕಾರಿ ಯೋಜನೆಯ ಸಹಾಯಕ ಸಿಬ್ಬಂದಿ) ಕಂಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸಿ.

ಉಳಿಸಿದ ಗಮನವನ್ನು ನಿಮ್ಮ ತಾಯಿಯ ಶುಗರ್ ಕಡೆ ಕೊಡಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಎಂಟರ ಮೇಲಿದ್ದರೆ ನಾನು ಆಪರೇಷನ್ ಮುಂದೂಡುತ್ತೇನೆ. ಸೋಂಕು ತಗುಲಿದ ಮಂಡಿಗೆ ಯಾವ ಮಾಡೆಲ್ ಹಾಕಿದ್ದರೂ ಒಂದೇ. ನಿಮ್ಮ ಊರಿನ ಕಡೆ ಇನ್ನೊಂದು ಇದೆ, ಇಂಬಳ. ಮಳೆಗಾಲದಲ್ಲಿ ಕಾಲಿಗೆ ಇಂಬಳ ಕಚ್ಚಿ, ಕೆರೆದು ಕೆರೆದು ಗಾಯ ಮಾಡಿಕೊಂಡು ಬರುತ್ತಾರೆ. ಸಣ್ಣ ಗಾಯ ಎಂದು ಹೇಳುವುದೂ ಇಲ್ಲ. ಕಾಲಲ್ಲಿ ಒಂದು ಗಾಯ, ಬೆರಳ ಸಂದಿಯಲ್ಲಿ ಕೊಳೆತ, ಹುಳುಕು ಹಲ್ಲು, ಮೂತ್ರದ ಉರಿ ಯಾವುದಿದ್ದರೂ ಮೊದಲು ಅದು ವಾಸಿಯಾಗಬೇಕು. ಹಾಗಾಗಿ ಕುಯ್ಲು ಮುಗಿಸಿ, ಮಳೆ ಹಿಡಿಯುವ ಮೊದಲು ಮಾಡಿಸಿದರೆ ಒಳ್ಳೆಯದು. ಮಳೆ ಜೋರಾಗುವ ಹೊತ್ತಿಗೆ ಮನೆಯೊಳಗೆ ಆರಾಮವಾಗಿ ನಡೆಯುತ್ತಿರುತ್ತಾರೆ.

ವಯಸ್ಸಿನ ಲೆಕ್ಕವೂ ಇದೆ. 70 ದಾಟಿ ಮಾಡಿಸಿದವರಲ್ಲಿ ಜೀವಮಾನದಲ್ಲಿ ಮರು ಆಪರೇಷನ್ ಬೇಕಾಗುವುದು 100ಕ್ಕೆ ಸುಮಾರು 5 ಜನಕ್ಕೆ. ಐವತ್ತರ ಮೊದಲ ವರ್ಷಗಳಲ್ಲಿ ಮಾಡಿಸಿದ ಗಂಡಸರಲ್ಲಿ ಅದು 35ರವರೆಗೂ ಹೋಗುತ್ತದೆ. ನಿಮ್ಮ ತಾಯಿ ಇವೆರಡರ ನಡುವೆ ಬರುತ್ತಾರೆ. ನೋವು ನಿದ್ದೆ ಕೆಡಿಸುತ್ತಿದ್ದರೆ, ಮನೆ ಕೆಲಸಕ್ಕೂ ಆಗದಿದ್ದರೆ ಈಗಲೇ ಮಾಡಿಸಿ. ಇಲ್ಲದಿದ್ದರೆ ತೂಕ ಇಳಿಸಿ, ತೊಡೆಯ ವ್ಯಾಯಾಮ ಮಾಡಿಸಿ ಒಂದೆರಡು ವರ್ಷ ತಳ್ಳುವುದರಲ್ಲಿ ತಪ್ಪಿಲ್ಲ. ಒಂದು ಮಾತು ಮುಚ್ಚಿಡಬಾರದು. ಎಲ್ಲಾ ಸರಿಯಾಗಿ ಮಾಡಿದರೂ, ಯಾವ ಮಾಡೆಲ್ ಹಾಕಿದರೂ, ಐವರಲ್ಲಿ ಒಬ್ಬರು "ಅಂದುಕೊಂಡಷ್ಟು ಆಗಲಿಲ್ಲ" ಎನ್ನುತ್ತಾರೆ. ಮಾಡೆಲ್ ಬದಲಾದರೂ ಈ ಸಂಖ್ಯೆ ಹೇಳಿಕೊಳ್ಳುವಷ್ಟು ಕೆಳಗೆ ಇಳಿದಿಲ್ಲ.

ಇಬ್ಬರೂ ಡಾಕ್ಟರನ್ನು ಇನ್ನೊಂದು ಸಲ ಕಂಡು ಇಷ್ಟು ಕೇಳಿ. ಈ ಮಾಡೆಲನ್ನು ನೀವು ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ, ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ? ಬ್ರಿಟನ್, ಆಸ್ಟ್ರೇಲಿಯಾ ನೋಂದಣಿಗಳಲ್ಲಿ ಇದಕ್ಕೆ ಹತ್ತು ವರ್ಷದ ಫಲಿತಾಂಶ ಇದೆಯಾ? ಅಮ್ಮನ ಅಳತೆಯ ಸಣ್ಣ ಸೈಜ್ ಆಪರೇಷನ್ ದಿನ ಸೆಟ್‌ನಲ್ಲಿ ಇರುತ್ತದಾ? ಎರಡೂ ಮಂಡಿ ಒಂದೇ ದಿನ ಮಾಡುತ್ತೀರಾ, ಶುಗರ್ ಇರುವುದರಿಂದ ಬೇರೆ ಬೇರೆ ಮಾಡುತ್ತೀರಾ? ತೊಂದರೆಯಾದರೆ ಯಾರನ್ನು ಕಾಣಬೇಕು? ಮೂಡಿಗೆರೆಯಿಂದ ಹಾಸನಕ್ಕೆ ಬೆಳಿಗ್ಗೆ ಹೊರಟು ತೋರಿಸಿಕೊಂಡು ಮಧ್ಯಾಹ್ನ ವಾಪಸ್ ಬರಬಹುದು. ಮೊದಲ ಆರು ವಾರ ಫಿಸಿಯೋಥೆರಪಿಗೆ, ಗಾಯ ನೋಡಿಸಲು ಓಡಾಡುವಾಗ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇಂಪ್ಲಾಂಟ್ ಡಬ್ಬಗಳ ಜೊತೆ ಹೆಸರು, ಸೈಜು, ಲಾಟ್ ನಂಬರ್ ಇರುವ ಸ್ಟಿಕ್ಕರ್‌ಗಳು ಬರುತ್ತವೆ. ಅವನ್ನು ಕೇಸ್ ಶೀಟ್‌ಗೆ ಅಂಟಿಸುತ್ತಾರೆ. ಡಿಸ್ಚಾರ್ಜ್ ಆಗುವಾಗ ಒಂದು ಪ್ರತಿ ಕೇಳಿ ಪಡೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಕಂಪನಿ ಆ ಲಾಟನ್ನು ವಾಪಸ್ ಕರೆದರೆ ನಿಮಗೆ ಗೊತ್ತಾಗುವುದು ಅದರಿಂದಲೇ. ಮರು ಆಪರೇಷನ್ ಬೇಕಾದರೆ ಬರೀ ಇನ್ಸರ್ಟ್ ಬದಲಿಸಿದರೆ ಸಾಕೇ ಎಂದು ಆ ಡಾಕ್ಟರು ತೀರ್ಮಾನಿಸುವುದೂ ಅದನ್ನು ನೋಡಿಯೇ. ದೊಡ್ಡಮ್ಮನ ಹಳೇ ಫೈಲ್‌ನಲ್ಲೂ ಆ ಸ್ಟಿಕ್ಕರ್ ಇದೆಯಾ ಹುಡುಕಿ. ಅವರಿಗೆ ನೋವಿಲ್ಲದಿದ್ದರೂ ವರ್ಷ ಎರಡು ವರ್ಷಕ್ಕೊಮ್ಮೆ ನಿಂತುಕೊಂಡು ಒಂದು ಎಕ್ಸ್‌ರೇ ತೆಗೆಸಿ ತೋರಿಸಲಿ.